ಎಲೆಕೋಸು: ಮೊದಲು ಬಿಡಿಸಿ, ಆಮೇಲೆ ತೊಳೆಯಿರಿ, ಕೊನೆಗೆ ಹೆಚ್ಚಿ

ಇಡೀ ಎಲೆಕೋಸನ್ನು ನಲ್ಲಿಯ ಕೆಳಗೆ ಹಿಡಿದು, ನಾಲ್ಕು ಸಲ ತಿರುಗಿಸಿ, ಅಂಗೈಯಿಂದ ಒರೆಸಿ "ತೊಳೆದಾಯ್ತು" ಎನ್ನುವವರಿಗೆ ನಾನು ಹೇಳುವುದು ಇಷ್ಟೇ: ನೀವು ತೊಳೆದದ್ದು ಇನ್ನೊಂದು ನಿಮಿಷಕ್ಕೆ ಕಿತ್ತು ಎಸೆಯಲಿರುವ ಎಲೆಯನ್ನು. ಒಳಗಿನ ಎಲೆಗಳಿಗೆ ಒಂದು ಹನಿಯೂ ತಾಗಿಲ್ಲ. ಇನ್ನೊಂದು ಪಂಗಡವಿದೆ. ಅವರು ಮೊದಲೇ ಎಳೆಎಳೆಯಾಗಿ ಹೆಚ್ಚಿಕೊಂಡು, ಅದನ್ನೆಲ್ಲ ಬೋಗುಣಿ ನೀರಿಗೆ ಸುರಿದು, ಕಲಸಿ, ಹಿಂಡಿ ತೆಗೆಯುತ್ತಾರೆ. ನನ್ನ ನಾದಿನಿ ಈ ಪಂಗಡದವಳು. ಕೋಸು ಸ್ವಚ್ಛವೇನೋ ಆಗುತ್ತದೆ. ಆದರೆ ರುಚಿಯಲ್ಲೊಂದಿಷ್ಟು, ಸಿ ವಿಟಮಿನ್‌ನಲ್ಲೊಂದಿಷ್ಟು ಸಿಂಕಿಗೆ ಹರಿದುಹೋಗುತ್ತದೆ. ಬಾಣಲೆಗೆ ಬಿದ್ದದ್ದು ಹುರಿಯುವುದಿಲ್ಲ, ಮೆತ್ತಿಕೊಂಡ ನೀರಿನಲ್ಲಿ ಬೇಯುತ್ತದೆ. ಸರಿಯಾದ ಕ್ರಮ ಇವೆರಡರ ನಡುವೆ ಇದೆ: ಹೊರ ಎಲೆ ತೆಗೆದು, ಸೀಳಿ ನೋಡಿ, ಎಲೆ ಬಿಡಿಸಿ, ದೊಡ್ಡ ತುಂಡುಗಳಿರುವಾಗಲೇ ತೊಳೆದು, ನೀರಿಳಿಸಿ, ಕಟ್ಟಕಡೆಗೆ ಹೆಚ್ಚುವುದು.

ನಾನು ಶಾಲೆಯಲ್ಲಿ ಸಸ್ಯಶಾಸ್ತ್ರ ಪಾಠ ಹೇಳಿದವಳು. ಅಡುಗೆಮನೆಯಲ್ಲೂ "ಯಾಕೆ" ಎನ್ನುವುದನ್ನು ಹೇಳದೆ ಮುಂದೆ ಹೋಗುವ ಅಭ್ಯಾಸವಿಲ್ಲ. ಸ್ವಲ್ಪ ಸಹಿಸಿಕೊಳ್ಳಿ.

ಎಲೆಕೋಸು ಎಂದರೆ ಗಿಡದ ತುದಿಯಲ್ಲಿರುವ ಒಂದು ಭಾರೀ ಮೊಗ್ಗು. ಕಾಂಡ ಉದ್ದ ಬೆಳೆಯದೆ ಗಿಡ್ಡಕ್ಕೆ ನಿಂತಿದೆ. ಅದೇ ನಡುವಿನ ದಿಂಡು. ಅದರ ಸುತ್ತ ಎಲೆಗಳು ಒತ್ತೊತ್ತಾಗಿ ಹುಟ್ಟುತ್ತವೆ. ಹೊಸ ಎಲೆ ಹುಟ್ಟುವುದು ಯಾವಾಗಲೂ ಒಳಗಡೆ; ಹಳೆಯದು ಅದನ್ನು ಮುಚ್ಚಿಕೊಂಡಿರುತ್ತದೆ. ಹಾಗಾಗಿ ನಡುವಿನ ಎಲೆಗಳು ಬಿಸಿಲನ್ನೇ ಕಂಡಿರುವುದಿಲ್ಲ, ಅವು ಬೆಳ್ಳಗಿರುವುದೂ ಅದಕ್ಕೇ. ಮಣ್ಣಾಗಲಿ, ಧೂಳಾಗಲಿ, ಸಿಂಪಡಿಸಿದ ಔಷಧವಾಗಲಿ ಬಹುಪಾಲು ಕೂತಿರುವುದು ಹೊರಗಿನ ಎಲೆಗಳ ಮೇಲೆ. ಒಳಗೆ ಹೋಗುವುದಕ್ಕೆ ಇರುವುದು ಎರಡೇ ದಾರಿ. ಒಂದು, ಹುಳು ತಾನಾಗಿ ಕೊರೆದುಕೊಂಡೋ ನುಸುಳಿಕೊಂಡೋ ಹೋಗುವುದು. ಇನ್ನೊಂದು, ಎಲೆತೊಟ್ಟುಗಳು ದಿಂಡಿಗೆ ಸೇರುವ ಬುಡದ ಸಂದಿನಲ್ಲಿ ಮಣ್ಣುನೀರು ಇಳಿಯುವುದು. ಕೋಸನ್ನು ಎಲ್ಲಿ ನೋಡಬೇಕು ಎನ್ನುವುದಕ್ಕೆ ಇಷ್ಟು ತಿಳಿದಿದ್ದರೆ ಸಾಕು: ಮೇಲಿನ ಮೂರ್ನಾಲ್ಕು ಪದರ ಮತ್ತು ಬುಡ.

ಇನ್ನೊಂದು ಸಂಗತಿ ಮೇಣ. ಹೊರ ಎಲೆಯನ್ನು ಬೆರಳಿಂದ ಒರೆಸಿ ನೋಡಿ, ಬೂದುಬಣ್ಣದ ತೆಳು ಲೇಪವೊಂದು ಅಳಿಸಿಹೋಗಿ ಕೆಳಗೆ ಕಡುಹಸಿರು ಕಾಣುತ್ತದೆ. ಜನ ಅದನ್ನು ಔಷಧದ ಪುಡಿ ಅಂದುಕೊಂಡು ಹೆದರುತ್ತಾರೆ. ಅದು ಗಿಡವೇ ಮಾಡಿಕೊಂಡ ಮೇಣ. ಕೆಸುವಿನ ಎಲೆಯ ಮೇಲಿನಂತೆ ಇದರ ಮೇಲೂ ನೀರು ಮುತ್ತುಕಟ್ಟಿ ಉರುಳಿಹೋಗುತ್ತದೆ. ಸುಮ್ಮನೆ ನಲ್ಲಿಗೆ ಹಿಡಿದರೆ ಕೊಳೆ ಹೋಗದಿರುವುದಕ್ಕೆ ಇದೇ ಕಾರಣ, ಮುಳುಗಿಸಿಟ್ಟರೂ ಎಲೆಯ ಸುಕ್ಕಿನಲ್ಲಿ ಗಾಳಿಗುಳ್ಳೆ ಸಿಕ್ಕಿಕೊಂಡು ಅಷ್ಟು ಜಾಗ ಒಣಗಿಯೇ ಉಳಿಯುತ್ತದೆ. ಕೋಸಿಗೆ ನೀರಿನ ಜೊತೆ ಬೆರಳೂ ಬೇಕು.

ಕೈಗೆ ತೆಗೆದುಕೊಂಡಾಗ

ಒಂದೇ ಗಾತ್ರದ ಎರಡರಲ್ಲಿ ಭಾರವಾದದ್ದನ್ನು ಆರಿಸಿ. ಹಿಚುಕಿದರೆ ಬಗ್ಗಬಾರದು. ಹೊರಗಿನ ಹಸಿರೆಲೆ ಒಂದೆರಡಾದರೂ ಅಂಟಿಕೊಂಡಿರಲಿ. ಪೂರ್ತಿ ಬೆಳ್ಳಗೆ ನುಣ್ಣಗೆ ಕಾಣುವ ಕೋಸು ಹಳೆಯದಾಗಿ, ಬಾಡಿದ ಪದರಗಳನ್ನೆಲ್ಲ ಕಿತ್ತು ಇಟ್ಟದ್ದಿರಬಹುದು. ಹೊರ ಎಲೆಯಲ್ಲಿ ನಾಲ್ಕಾರು ತೂತುಗಳಿದ್ದರೆ ನಾನು ತಲೆಕೆಡಿಸಿಕೊಳ್ಳುವುದಿಲ್ಲ. ಆದರೆ ನೆತ್ತಿಯ ಮೇಲೆ ತೂತಿದ್ದು, ಅದರ ಬಾಯಲ್ಲಿ ಹಸಿರುಗಪ್ಪು ಬಣ್ಣದ ಒದ್ದೆ ಹಿಕ್ಕೆ ಕಂಡರೆ ಹುಳು ಒಳಗಿದೆ ಎಂದೇ ಲೆಕ್ಕ.

ಬುಡವನ್ನು ತಿರುಗಿಸಿ ನೋಡುವವರು ಕಡಿಮೆ. ಕೊಯ್ದ ಜಾಗ ಒಣಗಿ ಕಂದಾಗಿದ್ದರೆ ತೊಂದರೆಯಿಲ್ಲ. ಅಲ್ಲಿ ಕಪ್ಪು ಬಳೆಯ ಗುರುತು ಕಂಡರೆ, ಜೊತೆಗೆ ಎಲೆಯ ಅಂಚಿನಿಂದ ಒಳಮುಖವಾಗಿ ತ್ರಿಕೋನದ ಹಳದಿ ಕಲೆ, ಅದರೊಳಗೆ ಕಪ್ಪುನರ ಕಂಡರೆ, ಅದು ಕಪ್ಪು ಕೊಳೆರೋಗ. ಜಾಂತೊಮೊನಾಸ್ ಎಂಬ ಬ್ಯಾಕ್ಟೀರಿಯಾದ ಕೆಲಸ. ಅದು ಮನುಷ್ಯರಿಗೆ ಅಂಟುವುದಲ್ಲ. ಆದರೆ ಅದು ಹಿಡಿದ ಕೋಸಿಗೆ ಬೇಗನೆ ಮೆತ್ತನೆಯ ಕೊಳೆ ಸೇರಿಕೊಂಡು ಲೋಳೆಯಾಗಿ ನಾರುತ್ತದೆ. ಅಂಥದ್ದನ್ನು ಬಿಡಿ. ಬಿರಿದ ಕೋಸು ಬೇರೆ ಮಾತು. ಒಣಗಿದ್ದ ಹೊಲಕ್ಕೆ ಒಮ್ಮೆಲೇ ನೀರು ಸಿಕ್ಕಿದಾಗ ಒಳಗಿನ ಎಲೆಗಳು ರಭಸವಾಗಿ ಬೆಳೆದು ಹೊರಗಿನವನ್ನು ಸೀಳುತ್ತವೆ. ತಿನ್ನಲು ಏನೂ ದೋಷವಿಲ್ಲ, ಇಟ್ಟುಕೊಳ್ಳಲು ಮಾತ್ರ ಆಗದು.

ತಂದ ಕೂಡಲೇ ತೊಳೆದು ಫ್ರಿಜ್ಜಿಗೆ ಹಾಕುವವರೂ ಇದ್ದಾರೆ. ಬೇಡ. ಪದರಗಳ ನಡುವೆ ನಿಂತ ನೀರೇ ಕೊಳೆಯುವುದಕ್ಕೆ ಮೊದಲ ಮೆಟ್ಟಿಲು. ಬೇಯಿಸುವ ದಿನವೇ ತೊಳೆಯಿರಿ.

ಹೊರ ಎಲೆ ತೆಗೆಯುವುದು

ಮೊದಲು ನಿಮ್ಮ ಕೈಯನ್ನು ಸೋಪು ಹಾಕಿ ತೊಳೆದುಕೊಳ್ಳಿ, ಸಿಂಕನ್ನೂ ಒಮ್ಮೆ ಉಜ್ಜಿ. ಮಾಂಸ ಹೆಚ್ಚಿದ ಮಣೆಯನ್ನು ಹಾಗೇ ಬಳಸಬೇಡಿ.

ಎಲೆಯನ್ನು ನೆತ್ತಿಯ ಕಡೆಯಿಂದ ಹಿಡಿದೆಳೆದರೆ ಅದು ಹರಿಯುತ್ತದೆ, ಕೊಳೆಯಿರುವ ಬುಡ ಮಾತ್ರ ಅಲ್ಲೇ ಉಳಿಯುತ್ತದೆ. ಕೋಸನ್ನು ಬುಡ ಮೇಲಾಗಿ ಹಿಡಿದು, ಚಾಕುವಿನ ತುದಿಯಿಂದ ಎಲೆಯ ತೊಟ್ಟು ದಿಂಡಿಗೆ ಸೇರುವಲ್ಲಿ ಒಂದು ಗೀರು ಹಾಕಿ. ಆಮೇಲೆ ಬುಡದಿಂದ ನೆತ್ತಿಯ ಕಡೆಗೆ ಎತ್ತಿದರೆ ಎಲೆ ಇಡಿಯಾಗಿ ಬರುತ್ತದೆ. ಹೀಗೆ ಎರಡೋ ಮೂರೋ ಎಲೆ. ಎಷ್ಟು ತೆಗೆಯಬೇಕು ಎಂದು ಕೋಸೇ ಹೇಳುತ್ತದೆ: ತೂತಿಲ್ಲದ, ಬಾಡದ, ಹಿಕ್ಕೆ ಕಾಣದ ಎಲೆ ಬಂದಾಗ ನಿಲ್ಲಿಸಿ. ಬುಡದ ಒಣಗಿದ ಬಿಲ್ಲೆಯನ್ನು ಒಂದು ಸೆಂಟಿಮೀಟರಿನಷ್ಟು ಕೊಯ್ದು ತೆಗೆಯಿರಿ. ಮಣ್ಣು ಹೆಚ್ಚಾಗಿರುವುದು ಅಲ್ಲಿಯೇ.

ಔಷಧದ ಉಳಿಕೆಯ ಬಗ್ಗೆ ಚಿಂತೆಯಿರುವವರಿಗೂ ಈ ಎರಡು ಮೂರು ಎಲೆ ತೆಗೆಯುವುದೇ ಎಲ್ಲಕ್ಕಿಂತ ದೊಡ್ಡ ಕೆಲಸ. ಯಾವ ದ್ರಾವಣದಲ್ಲಿ ನೆನೆಹಾಕಿದರೂ ಇದಕ್ಕೆ ಸಮವಾಗದು. ಹಾಗಂತ ಹಸಿರಾಗಿ, ಗಟ್ಟಿಯಾಗಿರುವ ಎರಡನೇ ಮೂರನೇ ಎಲೆಗಳನ್ನೆಲ್ಲ ಕಣ್ಣುಮುಚ್ಚಿ ಬುಟ್ಟಿಗೆ ಹಾಕಬೇಕಿಲ್ಲ. ಬಿಳಿಯ ಒಳ ಎಲೆಗಳಲ್ಲಿ ಇಲ್ಲದಷ್ಟು ಕ್ಯಾರೊಟಿನ್ ಅವುಗಳಲ್ಲಿರುತ್ತದೆ. ಚೆನ್ನಾಗಿದ್ದರೆ ಬೇರೆಯಾಗಿಟ್ಟು, ಎರಡೂ ಬದಿಯನ್ನು ಬೆರಳಿಂದ ಉಜ್ಜಿ ತೊಳೆದು, ನಡುವಿನ ದಪ್ಪ ನರ ಕತ್ತರಿಸಿ, ಸೂಪಿಗೆ ಹಾಕಿ. ತೀರಾ ಮೇಲಿನ ಒಂದನ್ನು ಮಾತ್ರ ನಾನು ಎಂದೂ ಬಳಸುವುದಿಲ್ಲ, ಎಷ್ಟೇ ಅಂದವಾಗಿ ಕಂಡರೂ.

ಈಗ ಉಳಿದ ಉಂಡೆಯನ್ನು ಹರಿಯುವ ನೀರಿನಲ್ಲಿ ಉಜ್ಜಿ ತೊಳೆಯಿರಿ. ಇದು ಕೋಸನ್ನು ಸ್ವಚ್ಛ ಮಾಡುವುದಕ್ಕಲ್ಲ, ಚಾಕು ಹೊರಗಿನ ಕೊಳೆಯನ್ನು ಒಳಗೆ ಎಳೆದುಕೊಂಡು ಹೋಗದಿರಲಿ ಎಂದು.

ಸೀಳಿ ನೋಡುವುದು

ಮಣೆಯ ಕೆಳಗೆ ಒದ್ದೆಬಟ್ಟೆ ಹಾಸಿ, ಜಾರುವುದಿಲ್ಲ. ಉದ್ದನೆಯ ಚಾಕು ತೆಗೆದುಕೊಳ್ಳಿ. ಹಣ್ಣು ಹೆಚ್ಚುವ ಚಿಕ್ಕ ಚಾಕುವಿನಲ್ಲಿ ಕೋಸು ಸೀಳಲು ಹೋಗುವುದು ಬೆರಳಿಗೆ ಅಪಾಯ, ಅಲಗು ನಡುವೆ ಸಿಕ್ಕಿಕೊಂಡು ಕೀಳಲು ಒದ್ದಾಡಬೇಕಾಗುತ್ತದೆ. ಬುಡವನ್ನು ಚಪ್ಪಟೆಯಾಗಿ ಕೊಯ್ದದ್ದರಿಂದ ಕೋಸು ಮಣೆಯ ಮೇಲೆ ಅಲುಗದೆ ಕೂರುತ್ತದೆ. ನೆತ್ತಿಯಿಂದ ದಿಂಡಿನ ನಡುವೆಯೇ ಹಾಯುವಂತೆ ಎರಡು ಹೋಳು ಮಾಡಿ.

ಇಲ್ಲಿ ಒಂದು ಗಳಿಗೆ ನಿಂತು ನೋಡಿ. ಮಕ್ಕಳು ಹತ್ತಿರದಲ್ಲಿದ್ದರೆ ಕರೆಯಿರಿ. ಮೊಗ್ಗು ಎಂದರೇನು ಎಂದು ಪುಸ್ತಕದ ಚಿತ್ರಕ್ಕಿಂತ ಚೆನ್ನಾಗಿ ತಿಳಿಯುತ್ತದೆ.

ದಿಂಡು ಉಂಡೆಯ ಅರ್ಧಕ್ಕಿಂತ ಕೆಳಗೇ ನಿಂತಿದ್ದರೆ ಒಳ್ಳೆಯ ಕೋಸು. ಅರ್ಧ ದಾಟಿ ಮೇಲೇರಿದ್ದರೆ ಗಿಡ ಹೂವಿಗೆ ಹೊರಟಿತ್ತು ಎಂದರ್ಥ, ಎಲೆ ಕಡಿಮೆ, ನಾರು ಜಾಸ್ತಿ. ಒಳಗೆ ಸುರಂಗದಂಥ ಕಂದು ಗೆರೆ ಕಂಡರೆ ಅದರ ಜಾಡು ಹಿಡಿದು ಹೋಗಿ, ಕೊನೆಯಲ್ಲಿ ಹುಳುವಿರುತ್ತದೆ. ಅಷ್ಟು ಭಾಗವನ್ನು ಬೆರಳಗಲ ಬಿಟ್ಟು ಕೊಯ್ದು ಬಿಸಾಡಿ.

ಕೆಲವು ಕೋಸಿನಲ್ಲಿ ನಡುವಿನ ಎಲೆಗಳ ಅಂಚು ಮಾತ್ರ ಕಂದಾಗಿ ಕಾಗದದಷ್ಟು ಒಣಗಿರುತ್ತದೆ, ಹೊರಗಿನಿಂದ ಸುಳಿವೇ ಇರುವುದಿಲ್ಲ. ಇದು ರೋಗವಲ್ಲ. ವೇಗವಾಗಿ ಬೆಳೆಯುವ ಒಳ ಎಲೆಗಳಿಗೆ ಕ್ಯಾಲ್ಸಿಯಂ ಸಾಲದೆ ಅಂಚು ಸತ್ತದ್ದು. ಕತ್ತರಿಸಿ ತೆಗೆದು ಉಳಿದದ್ದು ಬಳಸಿ. ಇನ್ನು ಬಿಳಿ ಎಲೆಗಳ ಮೇಲೆ ಮೆಣಸಿನ ಪುಡಿ ಉದುರಿಸಿದ ಹಾಗೆ ಕಾಣುವ ಸಣ್ಣ ಕಪ್ಪು ಚುಕ್ಕೆಗಳು. ಅವು ಬೂಷ್ಟು ಅಲ್ಲ, ಹುಳುವಿನ ಮೊಟ್ಟೆಯೂ ಅಲ್ಲ. ಬೆಳೆಯುವಾಗಲೋ ತಣ್ಣನೆಯ ಗೋದಾಮಿನಲ್ಲಿ ಇಟ್ಟಾಗಲೋ ಎಲೆಯ ಜೀವಕೋಶಗಳು ಅಲ್ಲಲ್ಲಿ ಸತ್ತು ಕಪ್ಪಾದವು. ಉಜ್ಜಿದರೆ ಹೋಗುವುದಿಲ್ಲ, ತಿಂದರೆ ಏನೂ ಆಗುವುದಿಲ್ಲ. ಬೂಷ್ಟಾಗಿದ್ದರೆ ಬೆರಳಿಗೆ ಅಂಟುತ್ತದೆ, ಕಮಟು ವಾಸನೆ ಇರುತ್ತದೆ. ಲೋಳೆ, ಕಮಟು ಎರಡೂ ಒಟ್ಟಿಗಿದ್ದರೆ ಉಳಿಸಿಕೊಳ್ಳಲು ಹೋಗಬೇಡಿ.

ಹುಳುಗಳ ಮಾತು

ಕೋಸಿನಲ್ಲಿ ಸಿಗುವ ಹುಳುಗಳಲ್ಲಿ ಮೂರನ್ನು ಗುರುತು ಹಿಡಿದರೆ ಸಾಕು.

ತೀರಾ ಸಾಮಾನ್ಯವಾದದ್ದು ವಜ್ರಬೆನ್ನಿನ ಪತಂಗದ ಮರಿಹುಳು. ತಿಳಿಹಸಿರು, ಒಂದು ಸೆಂಟಿಮೀಟರ್ ಆಸುಪಾಸು, ಎರಡೂ ತುದಿ ಚೂಪು. ಮುಟ್ಟಿದರೆ ಮೈ ಕೊಂಕಿಸಿ ಹಿಂದಕ್ಕೆ ಸರಿಯುತ್ತದೆ, ಇಲ್ಲವೇ ಒಂದು ಎಳೆ ಬಿಟ್ಟು ನೇತಾಡುತ್ತದೆ. ಎಲೆಯ ಕೆಳಮೈಯನ್ನು ಕೆರೆದು, ಮೇಲೆ ಪಾರದರ್ಶಕ ಪೊರೆ ಮಾತ್ರ ಬಿಟ್ಟಿರುವುದು ಇದರ ಗುರುತು. ಎರಡನೆಯದು ಬಿಳಿ ಚಿಟ್ಟೆಯ ಮರಿಹುಳು. ಇದು ದೊಡ್ಡದು, ಕಣ್ಣಿಗೆ ಬೀಳದೆ ಹೋಗುವುದಿಲ್ಲ. ಅದರ ಮೊಟ್ಟೆಗಳು ಹಳದಿ. ಎಲೆಯ ಕೆಳಗೆ ಗುಂಪಾಗಿ ನಿಂತಿರುತ್ತವೆ. ಬರೀ ನೀರಿಗೆ ಮೊಟ್ಟೆ ಬಿಡುವುದಿಲ್ಲ, ಉಗುರಿಂದ ಕೆರೆಯಬೇಕು. ಮೂರನೆಯದು ಹೇನು: ಬೂದು ಪುಡಿ ಮೆತ್ತಿಕೊಂಡ ಚಿಕ್ಕ ಚಿಕ್ಕ ಸಸ್ಯಹೇನುಗಳು, ಎಲೆಯ ಸುಕ್ಕಿನಲ್ಲಿ ನೂರಾರು ಒಟ್ಟಿಗೆ. ಉಪ್ಪುನೀರಿಗೆ ಮರಿಹುಳು ಹೊರಬರುತ್ತದೆ, ಆದರೆ ಹೇನು ಜಗ್ಗುವುದಿಲ್ಲ. ಅದರ ಮೈಮೇಲೂ ಮೇಣದ ಪುಡಿ ಇರುತ್ತದಲ್ಲ. ನಲ್ಲಿಯ ರಭಸದ ಧಾರೆಗೆ ಹಿಡಿದು ಬೆರಳಿಂದ ಸವರಿದರೆ ಮಾತ್ರ ಹೋಗುತ್ತದೆ. ಹೇನು ತುಂಬಿದ ಎಲೆಯನ್ನು ನಾನಂತೂ ಎಸೆದುಬಿಡುತ್ತೇನೆ.

"ಅತ್ತಿಗೆ, ಕೋಸಿನ ಹುಳು ಮಿದುಳಿಗೆ ಹತ್ತುತ್ತದಂತೆ, ನೀನು ಹೇಗೆ ತಿಂತೀಯ?" ಎಂದು ನಾದಿನಿ ಕೇಳುವುದುಂಟು. ಈ ಹೆದರಿಕೆ ಬಹಳ ಮನೆಗಳಲ್ಲಿದೆ. ಅದರಲ್ಲಿ ಅರ್ಧ ನಿಜ, ಅರ್ಧ ಗೊಂದಲ. ಮಿದುಳಿಗೆ ಹೋಗುವ ಹುಳು ಇರುವುದು ನಿಜ. ಅದು ಹಂದಿ ಲಾಡಿಹುಳುವಿನ ಮರಿ. ಆ ಲಾಡಿಹುಳು ಹೊಟ್ಟೆಯಲ್ಲಿರುವ ಮನುಷ್ಯನ ಮಲದಲ್ಲಿ ಅದರ ಮೊಟ್ಟೆಗಳು ಹೊರಬರುತ್ತವೆ. ಚರಂಡಿ ನೀರು ಹೊಲಕ್ಕೆ ಹರಿದರೆ ನೆಲಕ್ಕೆ ಹತ್ತಿರ ಬೆಳೆಯುವ ಯಾವ ಸೊಪ್ಪು ತರಕಾರಿಯ ಮೇಲಾದರೂ ಅವು ಅಂಟಬಹುದು. ಹೊಟ್ಟೆಗೆ ಹೋದ ಮೊಟ್ಟೆ ಒಡೆದು, ಮರಿ ರಕ್ತದ ಮೂಲಕ ಸ್ನಾಯುಗಳಿಗೂ ಮಿದುಳಿಗೂ ಹೋಗಿ ಗುಳ್ಳೆ ಕಟ್ಟಿಕೊಳ್ಳುತ್ತದೆ. ಫಿಟ್ಸ್ ಬರುವುದಕ್ಕೆ ಅದೊಂದು ಕಾರಣ. ಆದರೆ ಕೋಸಿನಲ್ಲಿ ನಿಮ್ಮ ಕಣ್ಣಿಗೆ ಕಾಣುವ ಹಸಿರು ಹುಳು ಅದಲ್ಲವೇ ಅಲ್ಲ, ಅದು ಎಲೆ ತಿಂದು ಪತಂಗವಾಗುವ ಪ್ರಾಣಿ. ಲಾಡಿಹುಳುವಿನ ಮೊಟ್ಟೆ ಸುಮಾರು 30ರಿಂದ 40 ಮೈಕ್ರೊಮೀಟರ್, ಅಂದರೆ ಒಂದು ಮಿಲಿಮೀಟರಿನ ನೂರನೇ ಒಂದು ಭಾಗದ ಮೂರ್ನಾಲ್ಕು ಪಟ್ಟು. ಕಣ್ಣಿಗೆ ಕಾಣುವುದೇ ಇಲ್ಲ. ಹಾಗಾಗಿ ಹುಳು ಕಾಣಲಿಲ್ಲ ಎಂದು ಹಸಿಕೋಸನ್ನು ತೊಳೆಯದೆ ತಿನ್ನುವುದೂ ತಪ್ಪು, ಹುಳು ಕಂಡಿತು ಎಂದು ಕೋಸನ್ನೇ ಬಿಡುವುದೂ ವ್ಯರ್ಥ. ಚೆನ್ನಾಗಿ ತೊಳೆದು, ಬೇಯಿಸಿ ತಿಂದರೆ ಆ ಮೊಟ್ಟೆಯೂ ಉಳಿಯುವುದಿಲ್ಲ. ನಾದಿನಿಗೆ ಇಷ್ಟೆಲ್ಲ ಹೇಳಿದ ಮೇಲೂ ಅವಳು ಹಿಂಡುವುದನ್ನು ಬಿಟ್ಟಿಲ್ಲ, ಆ ಮಾತು ಬೇರೆ.

ತೊಳೆಯುವುದು

ಎರಡು ಹೋಳನ್ನು ನಾಲ್ಕು ಮಾಡಿ. ಪ್ರತಿ ಹೋಳಿನ ದಿಂಡನ್ನು ಓರೆಯಾಗಿ ಕೊಯ್ದು ತೆಗೆಯಿರಿ, ಆಗ ಎಲೆಗಳು ತಾವಾಗಿ ಸಡಿಲವಾಗುತ್ತವೆ. ಹೊರಗಿನ ನಾಲ್ಕಾರು ಪದರಗಳನ್ನು ಪೂರ್ತಿ ಬಿಡಿಸಿ. ಒಳಗಿನದು ಬಿಗಿಯಾಗಿದ್ದು, ಸೀಳಿದಾಗ ಶುಭ್ರವಾಗಿ ಕಂಡಿದ್ದರೆ ಅದನ್ನು ಎರಡು ಮೂರು ಕಟ್ಟುಗಳಾಗಿ ಬಿಡಿಸಿದರೆ ಸಾಕು. ಒಂದೊಂದು ಎಲೆಯನ್ನೂ ಬೇರೆ ಮಾಡುತ್ತ ಕೂತರೆ ಅಡುಗೆ ಮುಗಿಯುವುದು ಯಾವಾಗ?

ಅಗಲವಾದ ಪಾತ್ರೆಯಲ್ಲಿ ತಣ್ಣೀರು, ಲೀಟರಿಗೆ ಒಂದು ದೊಡ್ಡ ಚಮಚ ಉಪ್ಪು. ಎಲೆಗಳನ್ನು ಹಾಕಿ, ಅಂಗೈಯಿಂದ ಕೆಳಗೆ ಒತ್ತಿ ಗಾಳಿಗುಳ್ಳೆ ಹೊರಡಿಸಿ, ಮೇಲೊಂದು ತಟ್ಟೆ ಬೋರಲು ಹಾಕಿಡಿ, ಇಲ್ಲದಿದ್ದರೆ ತೇಲುತ್ತವೆ. ಹದಿನೈದು ಇಪ್ಪತ್ತು ನಿಮಿಷ. ನಡುವೆ ಒಂದೆರಡು ಸಲ ಕೈಯಾಡಿಸಿ. ಮರಿಹುಳುಗಳಿದ್ದರೆ ಹಿಡಿತ ಬಿಟ್ಟು ನೀರಿಗೆ ಬರುತ್ತವೆ. ಉಪ್ಪುನೀರಿನ ಉಪಯೋಗ ಇಷ್ಟೇ. ಅದು ರೋಗಾಣುಗಳನ್ನು ಕೊಲ್ಲುತ್ತದೆ ಎಂಬ ಭ್ರಮೆ ಬೇಡ. ಹುಳುವಿನ ಸುಳಿವೇ ಇಲ್ಲದ ಕೋಸಿಗೆ ಉಪ್ಪು ಹಾಕದೆ, ಬರೀ ನೀರಿನಲ್ಲಿ ಐದು ನಿಮಿಷ ಅಲುಗಾಡಿಸಿದರೂ ನಡೆಯುತ್ತದೆ. ಗಂಟೆಗಟ್ಟಲೆ ನೆನೆಹಾಕಿದರೆ ಲಾಭವೇನೂ ಇಲ್ಲ.

ಈಗ ಬಹಳ ಜನ ಗಮನಿಸದ ಒಂದು ವಿಷಯ. ಪಾತ್ರೆಯನ್ನು ಎತ್ತಿ ಕೋಸು ನೀರು ಎರಡನ್ನೂ ಜಾಲರಿಗೆ ಬಗ್ಗಿಸಬೇಡಿ. ತಳದಲ್ಲಿ ಕೂತಿದ್ದ ಮರಳು, ಹಿಕ್ಕೆ, ಸತ್ತ ಹುಳು ಎಲ್ಲವೂ ಮತ್ತೆ ಕೋಸಿನ ತಲೆಯ ಮೇಲೇ ಬೀಳುತ್ತವೆ. ಎಲೆಗಳನ್ನು ಕೈಯಿಂದ ಎತ್ತಿ ತೆಗೆದು ಜಾಲರಿಗೆ ಹಾಕಿ, ಆಮೇಲೆ ನೀರು ಚೆಲ್ಲಿ. ತಳದಲ್ಲಿ ಮಣ್ಣು ಕಂಡರೆ ಹೊಸ ನೀರಿನಲ್ಲಿ ಇನ್ನೊಂದು ಸಲ. ಕೊನೆಗೆ ಹರಿಯುವ ನೀರಿಗೆ ಹಿಡಿದು, ಎಲೆಯ ಬುಡದ ಬಟ್ಟಲಿನಂಥ ಜಾಗವನ್ನು ಬೆರಳಿಂದ ಉಜ್ಜಿ.

ಸೋಪು, ಪಾತ್ರೆ ತೊಳೆಯುವ ದ್ರಾವಣ ಖಂಡಿತ ಬೇಡ. ಎಲೆ ಅದನ್ನು ಹೀರಿಕೊಳ್ಳುತ್ತದೆ, ಅವು ಹೊಟ್ಟೆಗೆ ಹೋಗಲಿ ಎಂದು ಮಾಡಿದವಲ್ಲ. ವಿನೆಗರ್ ಹಾಕಿದ ನೀರು ಬ್ಯಾಕ್ಟೀರಿಯಾವನ್ನು ಸ್ವಲ್ಪ ತಗ್ಗಿಸುತ್ತದೆ, ಪೂರ್ತಿ ಕೊಲ್ಲುವುದಿಲ್ಲ. ಅಡುಗೆ ಸೋಡಾದ ಬಗ್ಗೆ ಎಲ್ಲರೂ ಕೇಳುತ್ತಾರೆ. 2017ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಸಂಶೋಧಕರು ಸೇಬುಗಳಿಗೆ ಎರಡು ಬಗೆಯ ಔಷಧ ಹಚ್ಚಿ, ಲೀಟರಿಗೆ 10 ಗ್ರಾಂ ಸೋಡಾ ಬೆರೆಸಿದ ನೀರಿನಲ್ಲಿಟ್ಟು ನೋಡಿದ್ದರು. ಸಿಪ್ಪೆಯ ಮೇಲಿದ್ದದ್ದು 12ರಿಂದ 15 ನಿಮಿಷದಲ್ಲಿ ಹೋಯಿತು, ಸಿಪ್ಪೆಯೊಳಗೆ ಇಳಿದದ್ದು ಹೋಗಲಿಲ್ಲ. ಅದು ಸೇಬಿನ ಮಾತು. ಕೋಸಿನಲ್ಲಿ ಆ ಸಿಪ್ಪೆಯ ಜಾಗದಲ್ಲಿರುವುದು ಹೊರ ಎಲೆ, ಅದನ್ನು ನಾವು ಆಗಲೇ ಕಿತ್ತಾಗಿದೆ. ಸಮಾಧಾನಕ್ಕೆ ಸೋಡಾ ಹಾಕುವವರು ಹಾಕಿಕೊಳ್ಳಲಿ, ಆಮೇಲೆ ಚೆನ್ನಾಗಿ ಜಾಲಿಸಲಿ. ನಾನು ಹಾಕುವುದಿಲ್ಲ.

ಹಸಿಯಾಗಿ ತಿನ್ನುವುದಿದ್ದರೆ ಇನ್ನೂ ಎಚ್ಚರ ಬೇಕು, ಯಾಕೆಂದರೆ ಬೆಂಕಿಯ ಸಹಾಯ ಸಿಗುವುದಿಲ್ಲ. 1981ರಲ್ಲಿ ಕೆನಡಾದ ಪೂರ್ವ ಕರಾವಳಿಯಲ್ಲಿ ಹಸಿಕೋಸಿನ ಸಲಾಡಿನಿಂದ 41 ಜನರಿಗೆ ಲಿಸ್ಟೀರಿಯಾ ಸೋಂಕು ತಗುಲಿತು. ಹೆಚ್ಚಿನವರು ಬಸುರಿಯರು ಮತ್ತು ಅವರ ಕೂಸುಗಳು. ಹೊಲಕ್ಕೆ ಹಾಕಿದ್ದ ಕುರಿಗೊಬ್ಬರದಿಂದ ಕೋಸಿಗೆ ಬಂದ ಬ್ಯಾಕ್ಟೀರಿಯಾ, ಚಳಿಗಾಲವಿಡೀ ತಣ್ಣನೆಯ ಗೋದಾಮಿನಲ್ಲಿ ಸಾಯದೆ ಉಳಿದಿತ್ತು. ಫ್ರಿಜ್ಜಿನ ಚಳಿಯಲ್ಲೂ ಬೆಳೆಯಬಲ್ಲ ಜೀವಿ ಅದು. ಬಸುರಿಯರು, ತೀರಾ ವಯಸ್ಸಾದವರು, ಕಾಯಿಲೆಯಿಂದ ನಿತ್ರಾಣರಾದವರು ಇರುವ ಮನೆಯಲ್ಲಿ ಕೋಸನ್ನು ಬೇಯಿಸಿಯೇ ಬಡಿಸಿ ಎನ್ನುವುದು ಅದಕ್ಕೇ.

ತೊಳೆದ ಮೇಲೆ ನೀರಿಳಿಯಲು ಹತ್ತು ನಿಮಿಷ ಜಾಲರಿಯಲ್ಲಿ ಬಿಡಿ, ಬಟ್ಟಲಿನ ಆಕಾರದ ಎಲೆಗಳನ್ನು ಬೋರಲಾಗಿ. ಹುರಿಯುವುದಾದರೆ ಶುಭ್ರವಾದ ಬಟ್ಟೆಯಿಂದ ಒರೆಸಿ. ಕೋಸಿನ ತೂಕದಲ್ಲಿ ನೂರಕ್ಕೆ 92 ಪಾಲು ನೀರೇ, ಅದರ ಮೇಲೆ ನಾವು ಬೇರೆ ನೀರು ಕೊಡುವುದು ಬೇಡ.

ಹೆಚ್ಚುವುದು, ಮತ್ತು ಆ ವಾಸನೆ

ಎಲೆಯ ನರಗಳಿಗೆ ಅಡ್ಡವಾಗಿ ಹೆಚ್ಚಿದರೆ ನಾರು ತುಂಡಾಗಿ ಮೆತ್ತಗೆ ಬೇಯುತ್ತದೆ. ನರದ ಉದ್ದಕ್ಕೇ ಹೆಚ್ಚಿದರೆ ಎಳೆ ಗಟ್ಟಿಯಾಗಿ ನಿಂತು ಕಚ್ಚಲು ಗರಿಗರಿ ಇರುತ್ತದೆ. ಬಿಡಿಸಿದ ಎಲೆಗಳನ್ನು ನಾಲ್ಕೈದು ಒಂದರ ಮೇಲೊಂದಿಟ್ಟು, ಬಿಗಿಯಾಗಿ ಸುರುಳಿ ಸುತ್ತಿ ಹೆಚ್ಚಿದರೆ ಕೆಲಸ ಬೇಗ ಆಗುತ್ತದೆ. ಚಪ್ಪಟೆ ಮೈ ಯಾವಾಗಲೂ ಮಣೆಯ ಕಡೆಗಿರಲಿ, ಹಿಡಿದ ಕೈಯ ಬೆರಳ ತುದಿಗಳು ಒಳಕ್ಕೆ ಮಡಿಚಿರಲಿ. ತುರಿಮಣೆಯಲ್ಲಿ ತುರಿದ ಕೋಸು ನನಗೆ ಸೇರದು. ನೀರು ಬಿಟ್ಟು ಮುದ್ದೆಯಾಗುತ್ತದೆ.

ಕೋಸು ಸಾಸಿವೆಯ ಸಂಬಂಧಿ. ಅಖಂಡವಾಗಿದ್ದಾಗ ಅದಕ್ಕೆ ಘಾಟಿಲ್ಲ. ಗಂಧಕವುಳ್ಳ ಒಂದು ವಸ್ತು ಒಂದು ಕಡೆ, ಅದನ್ನು ಒಡೆಯುವ ಕಿಣ್ವ ಇನ್ನೊಂದು ಕಡೆ, ಎರಡೂ ಬೇರೆಬೇರೆ ಕೋಣೆಗಳಲ್ಲಿರುತ್ತವೆ. ಚಾಕು ಗೋಡೆ ಒಡೆದಾಗ ಎರಡೂ ಸೇರಿ ಸಾಸಿವೆಯ ಘಾಟು ಹುಟ್ಟುತ್ತದೆ. ಎಷ್ಟು ಸಣ್ಣಗೆ ಹೆಚ್ಚುತ್ತೀರೋ ಅಷ್ಟು ಘಾಟು. ಹಸಿಯಾಗಿ ತಿನ್ನುವಾಗ ಅದು ಮೂಗಿಗೆ ಹತ್ತಿದರೆ, ಹೆಚ್ಚಿದ ಎಳೆಗಳನ್ನು ಐಸ್ ಹಾಕಿದ ನೀರಿನಲ್ಲಿ ಸ್ವಲ್ಪ ಹೊತ್ತಿಟ್ಟು ಬಸಿಯಿರಿ. ಘಾಟೂ ಇಳಿಯುತ್ತದೆ, ಗರಿಗರಿಯೂ ಆಗುತ್ತದೆ. ಹೆಚ್ಚಿದ್ದನ್ನು ನೀರಿಗೆ ಹಾಕಲು ನಾನು ಒಪ್ಪುವುದು ಇದೊಂದು ಸಂದರ್ಭದಲ್ಲಿ ಮಾತ್ರ. ಬೇಯಿಸುವಾಗಿನ ದುರ್ನಾತದ ಕಥೆಯೇ ಬೇರೆ. ಅದು ಹೆಚ್ಚು ಹೊತ್ತು ಬೆಂದದ್ದಕ್ಕೆ ಬರುವ ಹೈಡ್ರೊಜನ್ ಸಲ್ಫೈಡಿನಂಥ ಗಂಧಕದ ಅನಿಲಗಳ ವಾಸನೆ. ತೊಳೆದದ್ದು ಸಾಲದು ಎಂದು ಅದಕ್ಕೆ ಅರ್ಥವಲ್ಲ, ಒಲೆ ಆರಿಸಲು ತಡವಾಯಿತು ಎಂದು ಅರ್ಥ. ಸಣ್ಣಗೆ ಹೆಚ್ಚಿ, ಉರಿ ಜೋರಾಗಿಟ್ಟು, ಮುಚ್ಚಳವಿಲ್ಲದೆ ಬೇಗ ಇಳಿಸಿ.

ದಿಂಡನ್ನು ಎಸೆಯಬೇಡಿ. ಹೊರಗಿನ ನಾರಿನ ಸಿಪ್ಪೆ ದಪ್ಪಗೆ ಹೆರೆದರೆ ಒಳಗೆ ಸಿಹಿಯಾದ ತಿರುಳಿರುತ್ತದೆ. ತೆಳ್ಳನೆ ಬಿಲ್ಲೆ ಮಾಡಿ ಎಲೆಗಿಂತ ಎರಡು ನಿಮಿಷ ಮುಂಚೆ ಬಾಣಲೆಗೆ ಹಾಕಿ. ಅಳತೆಗೆ ಹೇಳುವುದಾದರೆ, ಒಂದು ಕಿಲೋ ಕೋಸಿನಲ್ಲಿ ಹೊರ ಎಲೆ, ದಿಂಡು ಕಳೆದು ಸುಮಾರು 800 ಗ್ರಾಂ ಕೈಗೆ ಸಿಗುತ್ತದೆ. ಹೆಚ್ಚಿದಾಗ ರಾಶಿ ಕಂಡು ಉಪ್ಪು ಹಾಕಬೇಡಿ, ಬೆಂದಾಗ ಅದು ಅರ್ಧಕ್ಕಿಳಿದಿರುತ್ತದೆ.

ಸಲಾಡಿಗಾದರೆ ಅರ್ಧ ಕಿಲೋ ಎಳೆಗಳಿಗೆ ಒಂದು ಚಿಕ್ಕ ಚಮಚ ಉಪ್ಪು ಸವರಿ ಅರ್ಧ ಗಂಟೆ ಬಿಡಿ. ಬಿಟ್ಟ ನೀರನ್ನು ಹಿಂಡಿ ತೆಗೆದರೆ ಆಮೇಲೆ ಬಟ್ಟಲಿನಲ್ಲಿ ನೀರು ನಿಲ್ಲುವುದಿಲ್ಲ. ಹುಳಿಬರಿಸಲು ತೂಕದ ನೂರಕ್ಕೆ 2ರಷ್ಟು ಉಪ್ಪು. ಅದಕ್ಕೆ ಹೊರ ಎಲೆ ತೆಗೆದು ಒಮ್ಮೆ ಜಾಲಿಸಿದರೆ ಸಾಕು, ವಿನೆಗರ್ ನೀರಿನಲ್ಲಿ ನೆನೆಹಾಕಬೇಡಿ. ಹುಳಿಬರಿಸುವ ಬ್ಯಾಕ್ಟೀರಿಯಾ ಎಲೆಯ ಮೇಲೇ ಇರುತ್ತದೆ.

ಹೂರಣ ತುಂಬಿ ಸುತ್ತಲು ಇಡೀ ಎಲೆ ಬೇಕಾದರೆ ಸೀಳುವಂತಿಲ್ಲ. ಬುಡದ ಕಡೆಯಿಂದ ಚಾಕುವನ್ನು ಓರೆಯಾಗಿಳಿಸಿ ದಿಂಡನ್ನು ಶಂಕುವಿನಾಕಾರದಲ್ಲಿ ತೋಡಿ ತೆಗೆಯಿರಿ. ಉಂಡೆಯನ್ನು ಕುದಿಯುವ ನೀರಿಗೆ ಬಿಟ್ಟು, ಎರಡು ಮೂರು ನಿಮಿಷಕ್ಕೊಮ್ಮೆ ಮೆತ್ತಗಾದ ಎಲೆಗಳನ್ನು ಚಿಮಟದಿಂದ ಬಿಡಿಸುತ್ತ ಹೋಗಿ. ಬಿಡಿಸಿದ ಪ್ರತಿ ಎಲೆಯ ಹಿಂಬದಿ ನೋಡಿ ತೊಳೆಯಿರಿ, ಉಬ್ಬಿದ ನರವನ್ನು ಚಾಕುವಿನಿಂದ ಸವರಿ ತೆಳ್ಳಗೆ ಮಾಡಿ, ಇಲ್ಲದಿದ್ದರೆ ಸುತ್ತುವಾಗ ಮುರಿಯುತ್ತದೆ. ಪುರುಸೊತ್ತಿದ್ದರೆ ಇನ್ನೊಂದು ದಾರಿ: ಇಡೀ ಕೋಸನ್ನು ಫ್ರೀಜರಿನಲ್ಲಿ ಗಟ್ಟಿಯಾಗಿಸಿ, ಫ್ರಿಜ್ಜಿನಲ್ಲಿ ಕರಗಲು ಬಿಟ್ಟರೆ ಎಲೆಗಳು ಬೇಯಿಸದೆಯೇ ಬಾಗುತ್ತವೆ.

ಕೆಂಪುಕೋಸಿಗೂ ಇದೇ ತೊಳೆತ. ಅದರ ಬಣ್ಣ ನೀರಿಗಿಳಿಯುತ್ತದೆ, ಹಾಗಾಗಿ ಹೆಚ್ಚಿದ ಮೇಲೆ ನೀರು ತೋರಿಸಲೇಬೇಡಿ. ಬೇಯಿಸುವಾಗ ಒಂದು ಚಮಚ ನಿಂಬೆರಸವೋ ವಿನೆಗರೋ ಬಿದ್ದರೆ ಕೆಂಪು ನಿಲ್ಲುತ್ತದೆ, ಗಡಸು ನೀರೋ ಸೋಡಾವೋ ಬಿದ್ದರೆ ನೀಲಿಗೆ ತಿರುಗಿ ಹಸಿವೆಯೇ ಹೋಗುತ್ತದೆ. ಸುಕ್ಕು ಎಲೆಯ ಸವಾಯ್ ಕೋಸಿನ ಒಂದೊಂದು ಗುಳಿಯಲ್ಲೂ ಮಣ್ಣು ಕೂರುತ್ತದೆ, ಅದನ್ನು ಪೂರ್ತಿ ಬಿಡಿಸದೆ ಬೇರೆ ದಾರಿಯಿಲ್ಲ. ಉದ್ದನೆಯ ಚೀನಾಕೋಸಿನಲ್ಲಿ ಬುಡದ ಬಿಳಿ ತೊಟ್ಟುಗಳ ಸಂದು ನೋಡಿದರೆ ಸಾಕು.

ಇಡೀ ಕೋಸು ಫ್ರಿಜ್ಜಿನಲ್ಲಿ ವಾರಗಟ್ಟಲೆ ನಿಲ್ಲುತ್ತದೆ. ಒಮ್ಮೆ ಚಾಕು ಬಿದ್ದ ಮೇಲೆ ಮಾತ್ರ ಮೂರ್ನಾಲ್ಕು ದಿನದ ಲೆಕ್ಕ. ಅರ್ಧವೇ ಬೇಕಿದ್ದರೆ ಉಳಿದರ್ಧವನ್ನು ಬಿಡಿಸಬೇಡಿ, ತೊಳೆಯಲೂ ಬೇಡಿ, ದಿಂಡನ್ನೂ ತೆಗೆಯಬೇಡಿ. ಕೊಯ್ದ ಮೈಯನ್ನು ಒರೆಸಿ, ಗಾಳಿಯಾಡದ ಹಾಗೆ ಬಿಗಿಯಾಗಿ ಸುತ್ತಿಡಿ. ಮರುಬಳಕೆಯ ದಿನ ಆ ಮೈ ಕಂದಾಗಿದ್ದರೆ ತೆಳ್ಳನೆಯ ಒಂದು ಪದರ ಕೊಯ್ದು ತೆಗೆದು, ಉಳಿದದ್ದನ್ನು ಬಿಡಿಸಿ ನೀರಿಗೆ ಹಾಕಿ.